ಬಸ್ಸಿನಲ್ಲಿ ಹೋಗುತ್ತಿದ್ದ ಅತ್ತೆಯ ಶೀಸೆ

ಆ ದಿನ ಕಳಸದಿಂದ ಡಾಕ್ಟರೇ ನಮ್ಮ ಮನೆಗೆ ಬಂದರು ಎಂದು ನಾನು ಹೇಳುತ್ತೇನೆ. ಬಂದವರು ಅವರ ಕಂಪೌಂಡರು ಎಂದು ಅಣ್ಣ ಹೇಳುತ್ತಾನೆ. ಇಬ್ಬರೂ ಅಲ್ಲೇ ಇದ್ದೆವು. ಕಣ್ಣಾರೆ ಕಂಡದ್ದನ್ನೂ ಅನುಮಾನಿಸಬೇಕೆಂದು ಯೂನಿವರ್ಸಿಟಿಯಲ್ಲಿ ಕಲಿತವನು ನಾನು. ಕಪ್ಪು ಚೀಲ ಹಿಡಿದು ಬಸ್ಸಿಳಿದ ಆ ಮನುಷ್ಯ ಯಾರೆಂದು ಆಣೆ ಮಾಡಿ ಹೇಳಲಾರೆ.

ಸಂಸೆಯಿಂದ ಆಚೆಗಿದ್ದ ನಮಗೆ ಡಾಕ್ಟರೆಂದರೆ ಕಳಸ. ಆದರೆ ಅಲ್ಲಿಗೆ ಹೋಗುತ್ತಿದ್ದುದು ಕಾಯಿಲೆಯವರಿಗಿಂತ ಹೆಚ್ಚಾಗಿ ಅವರ ಶೀಸೆಗಳು. ಬೆಳಗಿನ ಬಸ್ಸಿನ ಕಂಡಕ್ಟರ ಕೈಗೆ ಖಾಲಿ ಶೀಸೆ ಕೊಟ್ಟು, ಹೀಗೆ ಹೀಗಾಗುತ್ತಿದೆ ಎಂದು ಹೇಳಿ ಕಳಿಸಿದರೆ, ಅವರು ಅದನ್ನು ಡಾಕ್ಟರಿಗೆ ಒಪ್ಪಿಸಿ ಮಧ್ಯಾಹ್ನದ ಟ್ರಿಪ್ಪಿನಲ್ಲಿ ಮಿಕ್ಸ್ಚರ್ ತುಂಬಿಸಿ ತರುತ್ತಿದ್ದರು.

ನಮ್ಮ ಮನೆಯಿಂದ ಹೋಗುತ್ತಿದ್ದುದು ಅತ್ತೆಯ ಶೀಸೆ. ಅಪ್ಪನ ಅಕ್ಕ. ಅಮ್ಮ ಹೋದ ಮೇಲೆ ನಮ್ಮಿಬ್ಬರನ್ನು ಸಾಕಿದವರು ಅವರೇ. ಅವರಿಗೆ ದಮ್ಮು, ಮಳೆ ಹಿಡಿದರೆ ಉಸಿರು ಕಟ್ಟುತ್ತಿತ್ತು. ಶೀಸೆಯನ್ನು ತಾವೇ ರಸ್ತೆಗೆ ಒಯ್ದು, ಬಸ್ಸು ನಿಲ್ಲಿಸಿಕೊಂಡು ಕಂಡಕ್ಟರ ಹತ್ತಿರ ಹರಟುತ್ತಿದ್ದರು. ಒಳಗಿದ್ದವರು ಕೂಗುತ್ತಿದ್ದರು: "ಎಂತ ಮಾರಾಯ, ಹೆಣ್ಣು ನೋಡೋಕೆ ಬಂದಿದ್ದೀಯಾ? ರೈಟ್ ಹೇಳು!"

ನನಗೆ ನಾಚಿಕೆ. ಕಾಯಿಲೆಯನ್ನು ಕಂಡಕ್ಟರ ಬಾಯಲ್ಲಿ ಕಳಿಸುವುದೇ? ಚೀಟಿ ಬರೆದು ಕಳಿಸಬೇಕು ಎಂದು ವಾದ ಮಾಡಿದ್ದೆ.

"ಚೀಟಿ ಕೆಮ್ಮುತ್ತೇನೋ ಮಾರಾಯ?" ಎಂದು ಅತ್ತೆ ನಕ್ಕಿದ್ದರು.

ಬಿ.ಎಸ್ಸಿ. ಕೊನೆಯ ವರ್ಷ, ರಜೆಗೆ ಬಂದಿದ್ದಾಗ, ಒಂದು ಬೆಳಿಗ್ಗೆ ಅವರು ಏಳಲಿಲ್ಲ. ಗೋಡೆಗೊರಗಿ ಕೂತು ಶೀಸೆಯ ಕಡೆ ಕೈ ತೋರಿಸಿದರು. ನಾನು ಚೀಟಿ ಬರೆದೆ: ಎಂದಿನ ಉಬ್ಬಸ, ಅದೇ ಔಷಧ ಎರಡು ಶೀಸೆ. ಚೊಕ್ಕಟವಾಗಿ, ಇಂಗ್ಲಿಷಿನಲ್ಲಿ.

ಕಂಡಕ್ಟರು ಚೀಟಿಯನ್ನು ಓದದೆ ಜೇಬಿಗೆ ಹಾಕಿಕೊಂಡರು. "ನಿಮ್ಮತ್ತೆ ಎಲ್ಲಿ?"

"ಕೂತಿದ್ದಾರೆ. ಎಲ್ಲಾ ಅದ್ರಲ್ಲಿ ಬರ್ದಿದ್ದೀನಿ."

"ಬರ್ದದ್ದು ಇರ್ಲಿ. ಮಾತಾಡ್ತಾರಾ?"

"ಒಂದೊಂದೇ ಮಾತು."

ಅವರ ಮುಖ ಬದಲಾಯಿತು. ಇನ್ನೇನೂ ಕೇಳದೆ, ಬಾಗಿಲಿಗೆ ಎರಡು ಏಟು ಬಡಿದು ಬಸ್ಸು ಹೊರಡಿಸಿದರು.

ಮಧ್ಯಾಹ್ನದವರೆಗೆ ಅತ್ತೆಯ ಬೆನ್ನು ನೀವುತ್ತಾ ಕೂತೆ. ಉಗುರು ನೀಲಿಯಾಗಿತ್ತು. ಬಸ್ಸಿನಲ್ಲಿ ಶೀಸೆ ಬರುತ್ತದೆ ಎಂದುಕೊಂಡಿದ್ದೆವು. ಬಂದದ್ದು ಮನುಷ್ಯ. ಅವರು ಬಂದವರೇ ಸೂಜಿ ಹಾಕಿದರು. ಬಹಳ ಹೊತ್ತಿನ ಮೇಲೆ ಅತ್ತೆ ಕಣ್ಣು ತೆರೆದು, ನನ್ನನ್ನು ನೋಡಿ ಒಂದೇ ಉಸಿರಿಗೆ ಹೇಳಿದರು: "ಅವ್ರಿಗೆ ಊಟಕ್ಕೆ ಹೇಳದೆ ಇಲ್ಲೇ ಕೂತಿದ್ದೀಯಲ್ಲ, ಇದನ್ನೇ ಓದಿದ್ದಾ ನೀನು?"

ಆಮೇಲೆ ಅವರು ಇನ್ನೂ ಕೆಲವು ಮಳೆಗಾಲ ಕಂಡರು. ಈಗ ಚಿಕ್ಕಮಗಳೂರಿನ ನನ್ನ ಮನೆಯಲ್ಲಿ ಆ ಮಾತನ್ನು ಎಷ್ಟೋ ಸಲ ನೆನೆಯುತ್ತೇನೆ. ಪದಗಳು ಬರುತ್ತವೆ, ದನಿ ಬರುವುದಿಲ್ಲ. ಅವರ ದನಿಯ ರೆಕಾರ್ಡು ಯಾರ ಹತ್ತಿರವೂ ಇಲ್ಲ. ಇನ್ನೊಮ್ಮೆ ಬೈಸಿಕೊಳ್ಳಬೇಕೆಂದು ಈ ವಯಸ್ಸಿನಲ್ಲಿ ಆಸೆಯಾಗುತ್ತದೆ.

ಆ ಆಸೆಯಿಂದಲೇ, ಅವರೊಡನೆ ಮಾತಾಡಿದ್ದ ಯಾರಾದರೂ ಸಿಕ್ಕಲಿ ಎಂದು, ಈಚೆಗೆ ಗೋಣಿಬೀಡಿನಲ್ಲಿ ಮಗಳ ಮನೆಯಲ್ಲಿರುವ ಆ ಕಂಡಕ್ಟರನ್ನು ಹುಡುಕಿಕೊಂಡು ಹೋದೆ.

"ಅವತ್ತು ಬಂದದ್ದು ಯಾರೋ, ನೆನಪಿಲ್ಲ ಮಾರಾಯ್ರೇ. ಎಷ್ಟು ಮನೆ, ಎಷ್ಟು ಶೀಸೆ!" ಎಂದರು. ಅತ್ತೆಯ ಹರಟೆಯ ಮಾತೆತ್ತಿದೆ. "ಹರಟೆ ಅಲ್ಲ ಅದು. ದಮ್ಮಿನವ್ರ ಹತ್ರ ಕೇಳೋಕೆ ಡಾಕ್ಟ್ರು ನಂಗೆ ಮೂರು ಪ್ರಶ್ನೆ ಕಲ್ಸಿದ್ರು. ನಿದ್ದೆ ಮಲಗಿ ಮಾಡಿದ್ರಾ, ಕೂತಾ? ರಸ್ತೆಗೆ ಬರೋವಾಗ ಎಷ್ಟು ಸಲ ನಿಂತ್ರಿ? ಒಂದು ಮಾತು ಮುಗಿಯೋಕೆ ಎಷ್ಟು ಉಸಿರು ಬೇಕು? ನಿಮ್ಮತ್ತೆ ನಗಾಡ್ತಾ ಉತ್ತರ ಕೊಡೋರು. ನಾನು ಉಸಿರು ಎಣಿಸ್ತಿದ್ದೆ."

ನಂಬಲು ಮನಸ್ಸಾಯಿತು, ಆದ್ದರಿಂದಲೇ ನಂಬಲಿಲ್ಲ. ಆ ಡಾಕ್ಟರೂ ಕಂಪೌಂಡರೂ ಈಗಿಲ್ಲ. ಅವರ ಆಸ್ಪತ್ರೆಯಲ್ಲಿ ಶೀಸೆ ತೊಳೆಯುತ್ತಿದ್ದ ಹೆಂಗಸು ಕಳಸದಲ್ಲಿದ್ದಾರೆ. ಕಂಡಕ್ಟರು ಹೇಳಿದ್ದನ್ನು ಬಾಯಿಬಿಡದೆ, ಬಸ್ಸಿನವರಿಗೆ ಡಾಕ್ಟರು ಏನಾದರೂ ಹೇಳಿಕೊಟ್ಟಿದ್ದರೇ ಎಂದಷ್ಟೇ ಅವರನ್ನು ಕೇಳಿದೆ. ಅವರು ಬೆರಳು ಮಡಚುತ್ತಾ ಮೂರು ಪ್ರಶ್ನೆ ಹೇಳಿದರು. ಕ್ರಮ ಬೇರೆಯಿತ್ತು, ಪ್ರಶ್ನೆಗಳು ಅವೇ.