ಮುನಿಶಾಮಿ ಮಾತ್ರೆಗೆ ಕೊಟ್ಟ ಬಿಡುವು

ಇಲ್ಲ... ನಂಬುವುದಕ್ಕೆ ಆಗುತ್ತಿಲ್ಲ...
ಬೆಳಿಗ್ಗೆ ಶಿಡ್ಲಘಟ್ಟದಿಂದ ಫೋನ್ ಬಂತು.
ನನ್ನ ಗೆಳೆಯ, ರೇಷ್ಮೆ ಹುಳ ಸಾಕುತ್ತಿದ್ದ ಮುನಿಶಾಮಿ ಹೋದನಂತೆ.
ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಎರಡು ಸಲ ಟೀ ಆರಿಹೋಯಿತು...

ಬಂಧುಗಳೇ, ಅವನಿಗೆ ಬ್ಲಡ್ ಕ್ಯಾನ್ಸರ್ ಎಂದು ಗೊತ್ತಾದ ದಿನ ಜೊತೆಗಿದ್ದವನು ನಾನೇ.
ಡಾಕ್ಟರಮ್ಮ ಬಿಡಿಸಿ ಹೇಳಿದರು...
ಕೆಟ್ಟುಹೋದ ಒಂದು ಜೀನ್ "ಬೆಳಿ, ಬೆಳಿ" ಎಂದು ಬಿಡದೆ ಹೇಳುತ್ತಿರುತ್ತದೆ.
ಈ ಕ್ಯಾನ್ಸರ್ ಬದುಕಿರುವುದೇ ಆ ಒಂದು ಮಾತಿನ ಮೇಲೆ.
ಮಾತ್ರೆ ಆ ಬಾಯಿ ಮುಚ್ಚಿಸುತ್ತದೆ.
ನನಗೆ ತಲೆಬುಡ ತಿಳಿಯಲಿಲ್ಲ. ಮುನಿಶಾಮಿ ನಕ್ಕ.
"ನಮ್ಮ ಹುಳ ಇದ್ದಂಗೆ ಅಲ್ವೇನಮ್ಮಾ? ಹಿಪ್ಪುನೇರಳೆ ಸೊಪ್ಪು ಬಿಟ್ಟು ಬೇರೆ ಏನ್ ಹಾಕಿದ್ರೂ ಮೂಸಲ್ಲ. ಅದು ನಿಲ್ಸಿದ್ರೆ ಸತ್ತೋಯ್ತವೆ."
"ನಾಳೆಯಿಂದ ನೀವೇ ಬಂದು ಪಾಠ ಮಾಡಿ" ಎಂದರು ಡಾಕ್ಟರಮ್ಮ.

ಎರಡು ವರ್ಷ ದಿನಕ್ಕೊಂದು ಮಾತ್ರೆ. ರಿಪೋರ್ಟ್ ನಾರ್ಮಲ್.
ಆಮೇಲೊಂದು ದಿನ ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ.
"ಮಾತ್ರೆ ನಿಲ್ಸಿದೀನಿ ಕಣಣ್ಣ. ಒಂದು ಬೆಳೆ ಆದ್ಮೇಲೆ ಹುಳುಮನೆ ತೊಳ್ದು ಬಿಡುವು ಕೊಡಲ್ವಾ? ಮೈಗೂ ಬೇಡ್ವಾ?"
ನನಗೂ ಸರಿ ಅನ್ನಿಸಿತು.
"ಹೌದಲ್ಲಪ್ಪ" ಎಂದೆ...

ಲೋ ಮುನಿಶಾಮಿ...
ಪೊರೆ ಬಿಡುವ ಮುಂಚೆ ಹುಳ ನೀವು ಹೇಳುವ 'ಜ್ವರ'ಕ್ಕೆ ಕೂರುತ್ತದೆ, ತಿನ್ನದೆ, ಅಲುಗಾಡದೆ ಸತ್ತಂತೆ ಇರುತ್ತದೆ, ಎದ್ದ ಮೇಲೆ ಮೊದಲಿಗಿಂತ ಹೆಚ್ಚು ಮೇಯುತ್ತದೆ...
ಹುಳದ ತಟ್ಟೆ ಎತ್ತಿ ನನಗೆ ತೋರಿಸಿದವನು ನೀನೇ ಅಲ್ಲವೇನೋ?
ನಿನ್ನ ಮೈಯೊಳಗೆ ಆ ಕ್ಯಾನ್ಸರ್ ಹಾಗೇ ಕೂತಿತ್ತು ಕಣೋ. ಸತ್ತಿರಲಿಲ್ಲ...
ಮಾತ್ರೆ ನಿಂತ ಮೇಲೆ ಎದ್ದು ಮೇಯಿತು, ನೀನು ಮತ್ತೆ ಮಾತ್ರೆ ಶುರು ಮಾಡುವಷ್ಟರಲ್ಲಿ ಅದು ಬೇರೆ ದಾರಿ ಹುಡುಕಿಕೊಂಡಿತ್ತು. ಅದೇ ಮಾತ್ರೆ ಈ ಸಲ ನಾಟಲಿಲ್ಲ.
ನಾನಾದರೂ ಅವತ್ತು ಬೈಯಬೇಕಿತ್ತು. ಬೈಯಲಿಲ್ಲ.

ಗೌರಿಬಿದನೂರಿನಲ್ಲಿ ನನ್ನ ತಂಗಿ ಮಗಳು ಪದ್ಮ ಇದ್ದಾಳೆ. ಅವಳದೂ ಅದೇ ಕಾಯಿಲೆ, ಅದೇ ಮಾತ್ರೆ.
ಹೋದ ವಾರ ಕೇಳಿದ್ದಳು, "ರಿಪೋರ್ಟ್ ಚೆನ್ನಾಗಿದೆ ಮಾಮ, ಸ್ವಲ್ಪ ದಿನ ಗ್ಯಾಪ್ ಕೊಡ್ಲಾ?"
"ನೋಡೋಣ ಬಿಡಮ್ಮ" ಎಂದುಬಿಟ್ಟಿದ್ದೆ.
ಪದ್ಮಾ, ಬೇಡ ತಾಯಿ. ಡಾಕ್ಟರನ್ನು ಕೇಳದೆ ಒಂದು ದಿನವೂ ಬೇಡ.
ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡಿದೆ, ಎತ್ತುತ್ತಿಲ್ಲ...
ಗೌರಿಬಿದನೂರಲ್ಲಿರುವವರು ಯಾರಾದರೂ ಅವಳ ಮನೆಗೆ ಒಂದು ಹೆಜ್ಜೆ ಹೋಗಿ ಬನ್ನಿ. ಮಾತ್ರೆ ನುಂಗಿದಳಾ ಕೇಳಿ. ಅವಳು ಹೇಳಿದ್ದನ್ನು ಇಲ್ಲೇ ಕಾಮೆಂಟ್‌ನಲ್ಲಿ ಹಾಕಿ.

ಮುನಿಶಾಮಿ, ಅವಳ ಉತ್ತರ ಬರುವವರೆಗೆ ನಿನಗಾಗಿ ಅಳುವುದಕ್ಕೂ ಪುರುಸೊತ್ತಿಲ್ಲ ಕಣೋ...
ನಿನ್ನ ಜೀವ ತಣ್ಣಗಿರಲಿ. ಹೋಗಿ ಬಾರಪ್ಪ.