ಎರಡು ಲಾಂಡ್ರಿ ಒಂದಾದ ಬಗೆ

ಆಸ್ಪತ್ರೆಯ ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಹಾಸುಬಟ್ಟೆ ಮಡಿಸುವ ಕೆಲಸಕ್ಕೆ ಸೇರಿದವಳು ಈಗ ಇಡೀ ಲಾಂಡ್ರಿಗೆ ಮೇಲ್ವಿಚಾರಕಿ. ಯಂತ್ರಗಳ ಗದ್ದಲದಲ್ಲಿ ಕೂಗಿ ಕೂಗಿ ಪಿಸುಮಾತೇ ಮರೆತುಹೋಗಿತ್ತು. "ನೀನು ಗುಟ್ಟು ಹೇಳಿದ್ರೆ ಪಕ್ಕದ ಬೀದಿಗೂ ಕೇಳುತ್ತೆ" ಎಂದು ಗಂಡ ನಗುತ್ತಿದ್ದ.

ಆ ವರ್ಷ ಮಕ್ಕಳ ಆಸ್ಪತ್ರೆಯ ಲಾಂಡ್ರಿಯನ್ನು ಇವರದ್ದರೊಂದಿಗೆ ಸೇರಿಸಲು ತೀರ್ಮಾನವಾಯಿತು. ಅಧಿಕಾರಿ ಅವಳನ್ನು ಕರೆಸಿ, "ಎಲ್ಲರಿಗೂ ಒಳ್ಳೇದಾಗುತ್ತೆ ಅಂತ ಹೇಳಿಬಿಡಿ. ನಿಮ್ಮ ಮಾತು ಕೇಳ್ತಾರೆ" ಎಂದರು.

ಕೆಲಸದವರಿಗೆಲ್ಲ ಹಾಗೇ ಹೇಳಿದಳು. ಇಸ್ತ್ರಿ ಮಾಡುವ ಹಿರಿಯನೊಬ್ಬ ತಲೆಯೆತ್ತಿ, "ಅಕ್ಕಾ, ಇದು ನಿನ್ನ ಮಾತಲ್ಲ, ಮೇಲಿನವರದ್ದು" ಎಂದ. ಅವಳಿಗೆ ಮುಖಕ್ಕೆ ಹೊಡೆದಂತಾಯಿತು.

ನೇರವಾಗಿ ಅಧಿಕಾರಿಯ ಕೋಣೆಗೆ ನುಗ್ಗಿದಳು. "ಯಾರ ಕೆಲಸ ಹೋಗುತ್ತೆ ಹೇಳಿ ಸಾರ್. ಅದು ಗೊತ್ತಾಗದೆ ನಾನಿನ್ನು ಬಾಯಿ ಬಿಡಲ್ಲ."

ಅವರು ಪೆನ್ನು ತಿರುವುತ್ತ ಕೂತು, ಎರಡೂ ಸೇರಿದರೆ ಇಬ್ಬರು ಹೆಚ್ಚಾಗುತ್ತಾರೆ, ಅವರನ್ನು ಬಿಡಿಸಬೇಕಾಗುತ್ತದೆ ಎಂದರು.

"ವಾರ್ಡುಗಳಿಗೆ ಬಟ್ಟೆ ಹಂಚೋಕೆ ಜನ ಸಾಲಲ್ಲ ಅಂತ ನರ್ಸಮ್ಮಂದಿರು ದಿನಾ ಬಯ್ತಾರೆ. ಆ ಇಬ್ಬರನ್ನ ಅಲ್ಲಿಗೆ ಹಾಕಿ."

ಅವರು ಹೂಂ ಅನ್ನುವವರೆಗೂ ಅವಳು ಕುರ್ಚಿ ಬಿಟ್ಟೇಳಲಿಲ್ಲ.

ಮರುದಿನ ಯಂತ್ರಗಳನ್ನು ನಿಲ್ಲಿಸಿ, ಎಲ್ಲರನ್ನೂ ಬಟ್ಟೆಗಂಟುಗಳ ಮೇಲೆ ಕೂರಿಸಿ, ಮದುವೆಯಾದ ಹೊಸತರ ಕಥೆ ತೆಗೆದಳು.

"ನಮ್ಮನೇಲಿ ಎರಡು ಅಡುಗೆಮನೆ ಒಂದು ಮಾಡಿದ್ರು. ಸಾರಿಗೆ ನಾನೂ ಉಪ್ಪು ಹಾಕ್ದೆ, ಓರಗಿತ್ತೀನೂ ಹಾಕಿದ್ಲು. ಮಾವ ಬಾಯಿಗಿಟ್ಟೋರು ಎದ್ದೇ ಹೋದ್ರು!" ಎಲ್ಲರೂ ನಕ್ಕರು. ಅವಳು ನಗಲಿಲ್ಲ. "ಕಿಟಕಿ ಪಕ್ಕದ ನನ್ನ ಜಾಗ ಹೋಯ್ತು. ಅದರ ಬೇಜಾರು ಇವತ್ತಿಗೂ ಇದೆ. ಆದ್ರೆ ನಾನು ಕಾಯಿಲೆ ಬಿದ್ದಾಗ ನನ್ನ ಮಕ್ಕಳಿಗೆ ಉಣ್ಣಿಸಿದೋಳು ಅವಳೇ."

"ನಮ್ಮದೇನು ಹೋಗುತ್ತೆ?" ಇಸ್ತ್ರಿಯವನು ಕೇಳಿದ.

"ಭಾನುವಾರದ ರಜೆ ಇನ್ನು ಸರದಿ ಮೇಲೆ. ಇಬ್ಬರು ವಾರ್ಡಿಗೆ ಹೋಗ್ಬೇಕು. ಕೆಲಸ ಮಾತ್ರ ಯಾರದ್ದೂ ಹೋಗಲ್ಲ. ನಂಗೆ ಗೊತ್ತಿರೋದಿಷ್ಟು. ಗೊತ್ತಿಲ್ಲದ್ದನ್ನ ಇನ್ಮೇಲೆ ಹೇಳಲ್ಲ."

ಗೊಣಗಾಟ ನಿಲ್ಲಲಿಲ್ಲ. ಆದರೆ ಇಸ್ತ್ರಿಯವನೇ ಕೈಯೆತ್ತಿ, "ವಾರ್ಡಿಗೆ ನಾನು ಹೋಗ್ತೀನಿ, ಈ ಬಿಸಿ ಸಾಕಾಗಿದೆ" ಎಂದ.

ಮಕ್ಕಳ ಆಸ್ಪತ್ರೆಯ ಹೊಸಬರು ಬಂದ ಮೇಲೆ ಜಗಳವೋ ಜಗಳ: ಹಾಸುಬಟ್ಟೆ ಉದ್ದಕ್ಕೆ ಮಡಿಸಬೇಕೋ, ಅಡ್ಡಕ್ಕೋ? ದೊಡ್ಡಕ್ಕ ಪ್ರತಿ ಮೇಜಿಗೂ ಆ ಕಡೆಯವರೊಬ್ಬರು, ಈ ಕಡೆಯವರೊಬ್ಬರು ಎಂದು ನಿಲ್ಲಿಸಿದಳು. ಹಾಸುಬಟ್ಟೆ ಮಡಿಸಲು ಇಬ್ಬರು ಬೇಕೇ ಬೇಕು. ಮಾತು ಬಿಟ್ಟವರೂ "ಹಿಡಿ", "ಎಳಿ" ಎನ್ನಲೇಬೇಕಾಯಿತು. ತಿಂಗಳೊಪ್ಪತ್ತಿನಲ್ಲಿ ಎಲ್ಲರೂ ಅಡ್ಡಕ್ಕೇ ಮಡಿಸತೊಡಗಿದರು. ಅದು ಹೊಸಬರ ಪದ್ಧತಿ. ದೊಡ್ಡಕ್ಕನೂ ಕಲಿತಳು.