ಮುನಿತಾಯಮ್ಮನ ಮೂರನೇ ಪೆಟ್ಟಿಗೆ

ಸೂಲಿಬೆಲೆಯ ಬಡಗಿ ಕಾಂತರಾಜುವಿಗೆ ಮೊಳೆ ಕಂಡರಾಗದು. ಪ್ಲೈವುಡ್ಡಿನ ಹೆಸರೆತ್ತಿದರೆ ಅದನ್ನು ಕಂಡುಹಿಡಿದವನ ಮನೆತನವನ್ನೇ ಜಾಲಾಡುತ್ತಾನೆ. ಹಲಗೆಗಳ ಅಂಚಿನಲ್ಲಿ ಉಳಿಯಿಂದ ಹಲ್ಲು ಕೊರೆದು, ಒಂದರೊಳಗೊಂದು ಕಚ್ಚಿಸಿ ಅವನು ಮಾಡುವ ಪೆಟ್ಟಿಗೆಯ ಮೂಲೆಯಲ್ಲಿ ಕೂದಲೂ ತೂರದು. ಕೈ ಅಂಥದ್ದು, ಒಪ್ಪಿದೆ. ಬುದ್ಧಿಯದೇ ತಕರಾರು.

ಮದುವೆಯಾದ ಹೊಸದರಲ್ಲಿ ಹೆಂಡತಿ ಮುನಿತಾಯಮ್ಮ ಎಲೆ ಅಡಿಕೆ ಇಟ್ಟುಕೊಳ್ಳಲು ಒಂದು ಪೆಟ್ಟಿಗೆ ಕೇಳಿದಳು. ಮಾಡಿದ, ಆದರೆ ಅದನ್ನು ನೋಡಿ ಹೊಗಳಿದ ಕಂಟ್ರಾಕ್ಟರನೊಬ್ಬನಿಗೆ ಕೊಟ್ಟುಬಿಟ್ಟ. ಹತ್ತು ವರ್ಷ ಬಿಟ್ಟು ಇನ್ನೊಂದು ಮಾಡಿದ. ಅದು ಹೆಡ್‌ಮಾಸ್ತರರ ಬೀಳ್ಕೊಡುಗೆಗೆ ಹೋಯಿತು. ಎರಡು ಸಲವೂ ಸನ್ಮಾನದ ಶಾಲು ಹೊದ್ದು ಬಂದು, "ನಿಂಗೆ ಇನ್ನೊಂದು ಮಾಡ್ಕೊಡ್ತೀನಿ ಕಣೇ" ಅಂದ. ಪಕ್ಕದ ಮನೆಯವನಾದ ನನಗೇ ಮೈಯೆಲ್ಲ ಉರಿಯಿತು.

ಈ ವರ್ಷ ತವರಿನ ಹಳೇ ಹಲಸಿನ ಬಾಗಿಲು ಬಿಚ್ಚಿದಾಗ ಅವಳೇ ಹಲಗೆ ಹೊತ್ತು ತಂದು ಅವನ ಮುಂದೆ ಹಾಕಿದಳು. ಹತ್ತು ದಿನ ಕೂತ. ಒಂದು ಹಲ್ಲು ಮುರಿದದ್ದಕ್ಕೆ ಮರಕ್ಕೂ ಮಾವನಿಗೂ ಸೇರಿಸಿ ಬೈದು, ಮತ್ತೆ ಹೊಸದಾಗಿ ಕೊರೆದ. ಮುಚ್ಚಳದ ಮೇಲೆ ಎರಡು ಗಿಳಿ ಕೆತ್ತಿ ಪಾಲೀಶ್ ಹೊಡೆದ. ಸುಳ್ಳೇಕೆ, ನೋಡಿ ನನಗೂ ಹೊಟ್ಟೆಕಿಚ್ಚಾಯಿತು.

ಅಷ್ಟರಲ್ಲಿ ಶುಕ್ರವಾರ ಊರಿಗೆ ಸ್ವಾಮೀಜಿ ಬರುವ ಸುದ್ದಿ ಬಂತು. ಕಾಂತರಾಜುವಿನ ಭುಜ ಶಾಲಿಗಾಗಿ ತುರಿಸತೊಡಗಿತು.

"ಇದು ಸ್ವಾಮಿಗಳಿಗೆ ಇರ್ಲಿ. ನಿಂಗೆ ಇನ್ನೊಂದು..." ಅನ್ನುವಷ್ಟರಲ್ಲೇ ಮುನಿತಾಯಮ್ಮ ಎದ್ದು ಒಳಗೆ ಹೋದಳು.

ಶುಕ್ರವಾರ ಬೆಳಿಗ್ಗೆ ಗರಿಗರಿ ಪಂಚೆ ಉಟ್ಟು, ಫೋಟೊ ತೆಗೆಯಲು ನನ್ನನ್ನೂ ಕರೆದ. ಪೆಟ್ಟಿಗೆ ಎತ್ತಿದರೆ ಒಳಗೆ ಏನೋ ಲೊಟಲೊಟ ಅಂದಿತು. ಮುಚ್ಚಳ ತೆಗೆದ. ಹೊಸಕೋಟೆಯಲ್ಲಿ ಕಟ್ಟಿಸಿದ್ದ ಮುನಿತಾಯಮ್ಮನ ಹಲ್ಲಿನ ಸೆಟ್ಟು ಒಳಗೆ ಒದ್ದೆಯಾಗಿ ಕೂತಿತ್ತು.

"ಎಂಜಲು ಮಾಡ್ಬಿಟ್ಯಲ್ಲೇ. ತಾ ನೀರು, ತೊಳೀತೀನಿ."

"ತೊಳಿಯಯ್ಯ," ಅಂದಳು ಬೊಚ್ಚುಬಾಯಲ್ಲಿ. "ಮರ ಉಬ್ಬಿ ನಿನ್ ಮೂಲೆಗಳೆಲ್ಲ ಬಾಯ್ ಬಿಟ್ಕೊಳ್ತವೆ. ಆಮೇಲೆ ಕೊಡುವಂತೆ ಸ್ವಾಮಿಗಳಿಗೆ."

ಕಾಂತರಾಜು ಚೊಂಬಿನತ್ತ ನೋಡಿದ, ಮೂಲೆಗಳನ್ನು ನೋಡಿದ. ನೀರು ಮುಟ್ಟಿಸಲು ಅವನಿಗೆ ಮನಸ್ಸೇ ಬರಲಿಲ್ಲ. ಸ್ವಾಮಿಗಳಿಗೆ ಕೊಡಲು ದೇವರ ಮುಂದಿದ್ದ ಬಾಳೆಹಣ್ಣನ್ನೇ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ಹೊರಟುಹೋದ.

ಮುನಿತಾಯಮ್ಮ ಪೆಟ್ಟಿಗೆಯನ್ನು ಮಡಿಲಿಗೆ ಎಳೆದುಕೊಂಡು, ಹಲ್ಲು ತೆಗೆದು ಬಾಯಿಗೆ ಹಾಕಿಕೊಂಡಳು.

"ಮೂವತ್ತು ವರ್ಷ ಕಾದೆ ಕಣಪ್ಪಾ ಇದಕ್ಕೆ," ಅಂದವಳೇ ಅತ್ತುಬಿಟ್ಟಳು.